ಚೈನ್‌ಸಾದಲ್ಲಿ ಮನೆಗೆ ಸೌದೆ ಕೊಯ್ದು ಒಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಆಗಲೇ ನೆಲಕ್ಕೆ ಬಿದ್ದ ಮರದ ಬಗ್ಗೆ. ಗಾಳಿಗೆ ಉರುಳಿದ್ದೋ, ಬೇರೆಯವರು ಕಡಿದು ಹಾಕಿದ್ದೋ, ದಿಮ್ಮಿಯಾಗಿ ಬಂದು ಬಿದ್ದಿದ್ದೋ, ಅದನ್ನು ತುಂಡು ಮಾಡಿ, ಸೀಳಿ, ಒಣಗಿಸಿ, ಒಲೆಯ ಬಾಯಿಗೆ ಹಿಡಿಯುವಂತೆ ಮಾಡುವವರೆಗಿನ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಿಂತ ಮರ ಕೆಡಹುವುದು ಬೇರೆಯೇ ವಿದ್ಯೆ. ಬಲ್ಲವರ ಜೊತೆ ನಿಂತು ಕಲಿಯಬೇಕಾದದ್ದು, ಆದ್ದರಿಂದ ಅದನ್ನು ಮುಟ್ಟಿಲ್ಲ.

ಮನೆಯ ಸೌದೆಗೆ ಪೆಟ್ರೋಲ್ ಚೈನ್‌ಸಾನೇ ಬೇಕಾ? ಬ್ಯಾಟರಿಯದು ಸಾಕಾಗುವುದಿಲ್ಲವಾ?

ಎಷ್ಟು ಸೌದೆ, ಎಲ್ಲಿ ಕೊಯ್ಯುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಮನೆಯ ಹಿತ್ತಲಲ್ಲೇ ಕೊಯ್ಯುವುದಾದರೆ, ಮರ ತೀರಾ ದಪ್ಪವಿಲ್ಲದಿದ್ದರೆ, ಬ್ಯಾಟರಿ ಗರಗಸ ಧಾರಾಳವಾಗಿ ಸಾಕು. ಹಗ್ಗ ಎಳೆಯುವ ಗೋಜಿಲ್ಲ, ಹೊಗೆಯಿಲ್ಲ, ಸದ್ದು ಕಡಿಮೆ. ಒಂದು ಕೊಯ್ತ ಮುಗಿಸಿ ಮುಂದಿನ ತುಂಡು ಸರಿಪಡಿಸುವಾಗ ಮಿಷನ್ ಸುಮ್ಮನಿರುತ್ತದೆ. ಇಡೀ ದಿನ ದಪ್ಪ ದಿಮ್ಮಿಗಳನ್ನೇ ಕೊಯ್ಯಬೇಕೆಂದರೆ ಪೆಟ್ರೋಲಿನದೇ ಸರಿ, ಏಕೆಂದರೆ ಬ್ಯಾಟರಿ ಚಾರ್ಜ್ ಆಗುವವರೆಗೆ ಕಾಯುತ್ತ ಕೂರಲಾಗದು. ವಯರ್ ಇರುವ ಎಲೆಕ್ಟ್ರಿಕ್ ಗರಗಸ ಅಗ್ಗದ ದಾರಿ. ಆದರೆ ವಯರ್ ಯಾವಾಗಲೂ ಬೆನ್ನ ಹಿಂದೆಯೇ ಇರಬೇಕು, ಕರೆಂಟ್ ಸೋರಿದ ಕೂಡಲೇ ಕಡಿತವಾಗುವ ಆರ್‌ಸಿಡಿ ಸ್ವಿಚ್ ಇರಲೇಬೇಕು, ನೆಲ ಒದ್ದೆಯಿದ್ದರೆ ಕೆಲಸ ನಿಲ್ಲಿಸಬೇಕು.

ಒಂದು ಮಾತು ಒತ್ತಿ ಹೇಳಬೇಕು. ಸದ್ದು ಕಡಿಮೆ ಎಂದ ಮಾತ್ರಕ್ಕೆ ಬ್ಯಾಟರಿ ಗರಗಸ ಸಾಧು ಎಂದುಕೊಳ್ಳಬೇಡಿ. ಪೆಟ್ರೋಲ್ ಮಿಷನ್ ಚಾಲೂ ಇದ್ದರೆ ಕಿವಿಗೆ ಗೊತ್ತಾಗುತ್ತದೆ. ಬ್ಯಾಟರಿಯದು ಸದ್ದಿಲ್ಲದೆ ಸಿದ್ಧವಾಗಿ ಕೂತಿರುತ್ತದೆ, ಟ್ರಿಗರ್ ತಾಗಿದರೆ ಸಾಕು. ಚೈನ್ ಮುಟ್ಟುವ ಮೊದಲು ಬ್ಯಾಟರಿ ಹೊರಗೆ ತೆಗೆಯುವುದು ಅಭ್ಯಾಸವಾಗಿಬಿಡಲಿ.

ಬಾರ್ ಎಷ್ಟು ಉದ್ದದ್ದು ತೆಗೆದುಕೊಳ್ಳಲಿ?

ಬಾರ್ ಎಂದರೆ ಚೈನ್ ಸುತ್ತ ಓಡುವ ಉದ್ದನೆಯ ಉಕ್ಕಿನ ಪಟ್ಟಿ. 14 ಅಥವಾ 16 ಇಂಚು, ಅಂದರೆ 35ರಿಂದ 40 ಸೆಂಟಿಮೀಟರ್. ಮನೆ ಸೌದೆಗೆ ಇದಕ್ಕಿಂತ ಉದ್ದದ್ದು ಅಪರೂಪಕ್ಕೆ ಬೇಕಾದೀತು. ಉದ್ದ ಬಾರ್ ಹಾಕಿದರೆ ತೂಕ ಹೆಚ್ಚುತ್ತದೆ, ಹರಿತ ಮಾಡಬೇಕಾದ ಹಲ್ಲುಗಳು ಹೆಚ್ಚುತ್ತವೆ, ಬಾರಿನ ತುದಿ ನಿಮ್ಮ ಕಣ್ಣಿಗೆ ಕಾಣದ ಕಡೆ ಏನನ್ನೋ ತಾಗುವ ಸಂದರ್ಭವೂ ಹೆಚ್ಚುತ್ತದೆ.

ಕಿಕ್‌ಬ್ಯಾಕ್ ಅಂದರೆ ಏನು? ಎಲ್ಲರೂ ಅದನ್ನೇ ಯಾಕೆ ಹೇಳುತ್ತಾರೆ?

ಚೈನ್ ಬಾರಿನ ಮೇಲಂಚಿನಲ್ಲಿ ನಿಮ್ಮಿಂದ ಮುಂದಕ್ಕೆ ಓಡುತ್ತದೆ, ತುದಿಯಲ್ಲಿ ಕೆಳಗೆ ತಿರುಗುತ್ತದೆ, ಕೆಳಂಚಿನಲ್ಲಿ ನಿಮ್ಮ ಕಡೆಗೆ ವಾಪಸ್ಸು ಬರುತ್ತದೆ. ತಿರುಗುವ ಆ ತುದಿಯ ಮೇಲ್ಭಾಗದ ಕಾಲುಪಾಲೇ ಅಪಾಯದ ಜಾಗ. ಅಲ್ಲಿ ಹಲ್ಲು ಏನಾದರೂ ಗಟ್ಟಿ ವಸ್ತುವಿಗೆ ಕಚ್ಚಿಕೊಂಡರೆ, ಮುಂದೆ ಹೋಗಲಾರದ ಚೈನಿನ ಬಲವೆಲ್ಲ ತಿರುಗಿ ಬಾರಿನ ಮೇಲೇ ಬರುತ್ತದೆ. ಬಾರ್ ಮೇಲಕ್ಕೆ ಚಿಮ್ಮಿ ಮುಖದ, ಕತ್ತಿನ, ಭುಜದ ಕಡೆಗೆ ಬರುತ್ತದೆ. ಇದೇ ಕಿಕ್‌ಬ್ಯಾಕ್. ನಿಮಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ತಡೆಯುತ್ತೇನೆ ಎನ್ನುವಷ್ಟು ಚುರುಕು ಮನುಷ್ಯನ ಕೈಗಿಲ್ಲ. ಹಾಗಾಗಿ ತಡೆಯುವ ಏರ್ಪಾಡೆಲ್ಲ ಮೊದಲೇ ಆಗಿರಬೇಕು.

ಎಡಗೈ ಮುಂದಿನ ಹಿಡಿಕೆಯ ಮೇಲೆ, ಹೆಬ್ಬೆರಳು ಹಿಡಿಕೆಯನ್ನು ಕೆಳಗಿನಿಂದ ಸುತ್ತಿ ಹಿಡಿದಿರಲಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಮೇಲೆ ಇಟ್ಟರೆ ಮಿಷನ್ ಚಿಮ್ಮಿದಾಗ ಕೈ ಜಾರುತ್ತದೆ. ಮಣಿಕಟ್ಟಿನ ಮುಂದಿರುವ ಕಾವಲು ಹಲಗೆಯೇ ಚೈನ್ ಬ್ರೇಕಿನ ಹಿಡಿ. ಮಿಷನ್ ಚಿಮ್ಮಿದಾಗ ಎಡಗೈ ಅದಕ್ಕೆ ಬಡಿದು ಬ್ರೇಕ್ ಬೀಳುತ್ತದೆ, ಕೈ ತಾಗದಿದ್ದರೂ ಕುಲುಕಿನ ರಭಸಕ್ಕೇ ಬೀಳುವಂತೆ ಈಗಿನ ಮಿಷನ್‌ಗಳಲ್ಲಿ ಮಾಡಿರುತ್ತಾರೆ. ಕೆಲಸ ಶುರು ಮಾಡುವ ಮುನ್ನ ಪ್ರತಿ ಸಲ ಬ್ರೇಕ್ ಹಾಕಿ ನೋಡಿ. ನಿಲ್ಲುವಾಗ ಬಾರಿನ ನೇರಕ್ಕೆ ನಿಲ್ಲದೆ ಸ್ವಲ್ಪ ಎಡಕ್ಕೆ ನಿಲ್ಲಿ, ಆಗ ಮಿಷನ್ ಎದ್ದರೂ ತಲೆಯ ಪಕ್ಕದಲ್ಲಿ ಹಾದುಹೋಗುತ್ತದೆ. ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯುವುದು ಎಂದಿಗೂ ಬೇಡ. ಹೊಸ ಚೈನ್ ಕೊಳ್ಳುವಾಗ ಕಿಕ್‌ಬ್ಯಾಕ್ ಕಡಿಮೆ ಮಾಡುವ ಚೈನ್ ಕೊಡಿ ಎಂದು ಕೇಳಿ. ವೇಗ ಒಂದಿಷ್ಟು ಕಡಿಮೆಯಾದರೂ ಮನೆ ಕೆಲಸಕ್ಕೆ ಅದೇ ಒಳ್ಳೆಯದು.

ಒಂದು ಕೈಯಲ್ಲಿ ರೆಂಬೆ ಹಿಡಿದು, ಇನ್ನೊಂದು ಕೈಯಲ್ಲಿ ಕೊಯ್ಯಬಹುದಾ?

ಬೇಡ. ಸಣ್ಣ ಗರಗಸವಾದರೂ ಬೇಡ. ಹೆಬ್ಬೆರಳಿಗಿಂತ ಒಂದಿಷ್ಟು ದಪ್ಪದ ಪುರಳೆಗೆ ಕತ್ತಿಯೋ ಕೈಗರಗಸವೋ ಸಾಕು.

ಏನೇನು ಹಾಕಿಕೊಳ್ಳಬೇಕು? ಅರ್ಧ ಗಂಟೆಯ ಕೆಲಸಕ್ಕೂ ಅಷ್ಟೆಲ್ಲ ಬೇಕಾ?

ಬೇಕು. ಚೈನ್ ಕಾಲಿಗೆ ತಾಗುವುದಕ್ಕೆ ಅರ್ಧ ಗಂಟೆಯೂ ಬೇಡ.

ಮೊದಲು ಕಾಲು. ಚೈನ್‌ಸಾ ಪ್ಯಾಂಟ್ ಅಥವಾ ಚಾಪ್ಸ್ (ಪ್ಯಾಂಟಿನ ಮೇಲೆ ಕಟ್ಟಿಕೊಳ್ಳುವ ಕಾಲುಗವಸು) ಒಳಗೆ ಉದ್ದುದ್ದ ನಾರಿನ ಪದರಗಳಿರುತ್ತವೆ. ಹಲ್ಲು ಮೇಲಿನ ಬಟ್ಟೆ ಹರಿದ ಕೂಡಲೇ ಆ ನಾರುಗಳು ಕಿತ್ತುಬಂದು ಚೈನ್ ತಿರುಗಿಸುವ ಹಲ್ಲುಚಕ್ರಕ್ಕೆ, ಅಂದರೆ ಸ್ಪ್ರಾಕೆಟ್ಟಿಗೆ, ಸುತ್ತಿಕೊಂಡು ಚೈನನ್ನು ನಿಲ್ಲಿಸಿಬಿಡುತ್ತವೆ. ಜೀನ್ಸ್ ಎಷ್ಟು ದಪ್ಪವಿದ್ದರೂ ಈ ಕೆಲಸ ಮಾಡುವುದಿಲ್ಲ. ಒಮ್ಮೆ ಕೊಯ್ದುಕೊಂಡ ಚಾಪ್ಸ್ ಅನ್ನು ಹೊಲಿದು ಮತ್ತೆ ಬಳಸುವಂತಿಲ್ಲ, ನಾರಿನ ಪದರ ಅಲ್ಲಿಗೆ ಸತ್ತಂತೆ. ಎಲೆಕ್ಟ್ರಿಕ್ ಗರಗಸದವರು ಚಾಪ್ಸ್‌ನ ಲೇಬಲ್ ಓದಲೇಬೇಕು. ವಿದ್ಯುತ್ ಮೋಟರಿನ ಎಳೆತ ಬೇರೆ ರೀತಿಯದು, ಪೆಟ್ರೋಲ್ ಗರಗಸವನ್ನು ನಿಲ್ಲಿಸುವ ಪದರಗಳು ಅದನ್ನು ನಿಲ್ಲಿಸದೇ ಹೋಗಬಹುದು.

ಆಮೇಲೆ ಕಿವಿ. ಪೆಟ್ರೋಲ್ ಚೈನ್‌ಸಾದ ಸದ್ದು 100 ಡೆಸಿಬಲ್ ದಾಟುತ್ತದೆ, 85ರ ಮೇಲೆ ದಿನವಿಡೀ ಕೇಳಿದರೇ ಕಿವಿ ಹಾಳಾಗುತ್ತದೆ. ಹೋದ ಕಿವಿ ಮತ್ತೆ ಬರುವುದಿಲ್ಲ. ಜಾಲರಿ ಮುಖಪರದೆ, ಕಿವಿ ಮುಚ್ಚುವ ಮಫ್, ಹೆಲ್ಮೆಟ್ ಮೂರೂ ಒಂದರಲ್ಲೇ ಇರುವ ಸೆಟ್ ಸಿಗುತ್ತದೆ. ಗಟ್ಟಿ ಬೂಟು, ಕೈಗವಸು ಇರಲಿ. ಜೋತಾಡುವ ಶಾಲು, ಟವೆಲ್, ಸಡಿಲ ತೋಳು ಬೇಡ.

ಒಬ್ಬರೇ ಇದ್ದಾಗ ಕೊಯ್ಯಬೇಡಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಯಾರಾದರೂ ಇರಲಿ, ಫೋನ್ ಜೇಬಿನಲ್ಲಿರಲಿ. ಗಾಯಕ್ಕೆ ಒತ್ತಿ ಹಿಡಿಯುವಂಥ ದಪ್ಪ ಬ್ಯಾಂಡೇಜನ್ನು ಮನೆಯೊಳಗಿನ ಬೀರುವಿನಲ್ಲಿಡದೆ ಕೆಲಸದ ಜಾಗದಲ್ಲೇ ಇಟ್ಟುಕೊಳ್ಳಿ.

ಸ್ಟಾರ್ಟ್ ಮಾಡುವ ಸರಿಯಾದ ಕ್ರಮ ಯಾವುದು?

ಮಿಷನ್ ನೆಲದ ಮೇಲಿಟ್ಟು, ಬಲಗಾಲಿನ ಬೂಟಿನ ತುದಿಯನ್ನು ಹಿಂದಿನ ಹಿಡಿಕೆಯೊಳಗೆ ತೂರಿಸಿ ಒತ್ತಿ, ಎಡಗೈಯಿಂದ ಮುಂದಿನ ಹಿಡಿಕೆ ಅದುಮಿ ಹಿಡಿದು, ಬಲಗೈಯಲ್ಲಿ ಹಗ್ಗ ಎಳೆಯಿರಿ. ಚೈನ್ ಬ್ರೇಕ್ ಹಾಕಿರಬೇಕು, ಬಾರ್ ಎಲ್ಲಿಗೂ ತಾಗಿರಬಾರದು. ಗಾಳಿಯಲ್ಲಿ ಮಿಷನ್ ಕೆಳಕ್ಕೆ ಎಸೆದಂತೆ ಮಾಡುತ್ತ ಹಗ್ಗ ಎಳೆಯುವವರನ್ನು ನೋಡಿರುತ್ತೀರಿ. ಅದನ್ನು ಕಲಿಯಬೇಡಿ.

ತಣ್ಣಗಿರುವ ಮಿಷನ್‌ಗೆ ಚೋಕ್ ಹಾಕಿ ಎಳೆದಾಗ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ ನಿಲ್ಲುತ್ತದೆ. ಅಲ್ಲಿಗೆ ಚೋಕ್ ತೆಗೆಯಬೇಕು. ಆ ಸದ್ದು ಗಮನಿಸದೆ ಎಳೆಯುತ್ತಲೇ ಹೋದರೆ ಪೆಟ್ರೋಲ್ ಒಳಗೆ ತುಂಬಿ ಪ್ಲಗ್ ಒದ್ದೆಯಾಗುತ್ತದೆ, ಆಮೇಲೆ ಎಷ್ಟೇ ಎಳೆದರೂ ಏಳುವುದಿಲ್ಲ. ಹಾಗಾದರೆ ಪ್ಲಗ್ ಬಿಚ್ಚಿ ಒರೆಸಿ ಒಣಗಿಸಿ, ಪ್ಲಗ್ ಇಲ್ಲದೆ ನಾಲ್ಕೈದು ಸಲ ಹಗ್ಗ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್ಡಿನೊಳಗೆ ಪೆಟ್ರೋಲ್ ಮಿಷನ್ ಓಡಿಸುವುದು ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಪೆಟ್ರೋಲಿಗೆ ಎಷ್ಟು ಆಯಿಲ್ ಬೆರೆಸಬೇಕು?

ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಬರೆದಷ್ಟು. ಸಾಮಾನ್ಯವಾಗಿ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್. 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಕಣ್ಣಂದಾಜು ಬೇಡ, ಅಳತೆ ಲೋಟ ಬಳಸಿ. ಈ ಎಂಜಿನ್ನಿಗೆ ಬೇರೆ ಆಯಿಲ್ ತೊಟ್ಟಿಯಿಲ್ಲ, ಪೆಟ್ರೋಲಿನಲ್ಲಿ ಬೆರೆತು ಬಂದದ್ದೇ ಪಿಸ್ಟನ್‌ಗೆ ಜಿಡ್ಡು. ಮರೆತು ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಹೋಗಿಬಿಡುತ್ತದೆ.

ಒಂದು ತಿಂಗಳಲ್ಲಿ ಖರ್ಚಾಗುವಷ್ಟೇ ಬೆರೆಸಿಟ್ಟುಕೊಳ್ಳಿ. ಎಥನಾಲ್ ಇರುವ ಪೆಟ್ರೋಲ್ ಗಾಳಿಯ ತೇವ ಹೀರಿಕೊಂಡು ಹಾಳಾಗುತ್ತದೆ. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹೊಯ್ಯಬೇಡಿ. ಹೊಯ್ದ ಜಾಗದಿಂದ ಮೂರು ಮೀಟರ್ ಆದರೂ ಆಚೆ ಬಂದು ಸ್ಟಾರ್ಟ್ ಮಾಡಿ.

ಬಾರಿಗೆ ಹಳೆಯ ಎಂಜಿನ್ ಆಯಿಲ್ ಹಾಕಬಹುದಾ? ಹೇಗೂ ಚೆಲ್ಲುವುದೇ ತಾನೆ?

ಬಾರಿಗೆ ಹಾಕಿದ ಎಣ್ಣೆ ಮತ್ತೆ ತೊಟ್ಟಿಗೆ ಬರುವುದಿಲ್ಲ. ಚೈನ್ ಅದನ್ನು ಸಣ್ಣ ಹನಿಗಳಾಗಿ ಎರಚುತ್ತ ಹೋಗುತ್ತದೆ. ಅದು ನಿಮ್ಮ ಉಸಿರಿಗೆ, ಬಟ್ಟೆಗೆ, ನೆಲಕ್ಕೆ ಸೇರುತ್ತದೆ. ಬಳಸಿದ ಎಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತದೆ, ಕ್ಯಾನ್ಸರ್ ತರುವಂಥ ಸಂಯುಕ್ತಗಳೂ ಇರುತ್ತವೆ. ಎಣ್ಣೆ ಪಂಪ್ ಕೂಡ ಅದರಿಂದ ಸವೆಯುತ್ತದೆ. ಬಾರ್ ಆಯಿಲ್ ಅಂಟಂಟಾಗಿ ಚೈನಿಗೆ ಹಿಡಿದುಕೊಳ್ಳುವಂತೆ ಮಾಡಿದ್ದು, ಅದನ್ನೇ ಹಾಕಿ. ಸಸ್ಯಜನ್ಯ ಬಾರ್ ಆಯಿಲ್ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ತಿಂಗಳುಗಟ್ಟಲೆ ಮಿಷನ್ ಮೂಲೆಗಿಡುವ ಮುನ್ನ ಒರೆಸಿ ತೆಗೆಯಬೇಕು. ಇಲ್ಲವಾದರೆ ಗೋಂದಿನಂತೆ ಗಟ್ಟಿಯಾಗುತ್ತದೆ.

ಪೆಟ್ರೋಲ್ ತುಂಬಿಸಿದಾಗೆಲ್ಲ ಬಾರ್ ಆಯಿಲನ್ನೂ ತುಂಬಿಸಿ. ಎಣ್ಣೆ ಬರುತ್ತಿದೆಯೇ ಎಂದು ನೋಡಲು ಬಾರಿನ ತುದಿಯನ್ನು ಬಿಳಿ ರಟ್ಟಿನ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು ಮಿಷನ್ ಓಡಿಸಿ. ಸಣ್ಣ ಎಣ್ಣೆಗೆರೆ ಮೂಡಬೇಕು. ಮೂಡದಿದ್ದರೆ ಬಾರಿನ ಗಾಡಿ (ಚೈನ್ ಕೂತು ಓಡುವ ಅಂಚಿನ ಸಂದು), ಎಣ್ಣೆಯ ತೂತು ಕಟ್ಟಿಕೊಂಡಿದೆ ಎಂದರ್ಥ.

ಚೈನ್ ಎಷ್ಟು ಬಿಗಿ ಇರಬೇಕು?

ಬಾರಿನ ಕೆಳಗೆ ಜೋತು ಬೀಳಬಾರದು, ಆದರೆ ಗವಸು ಹಾಕಿದ ಕೈಯಿಂದ ಎಳೆದರೆ ಸಲೀಸಾಗಿ ಸುತ್ತಬೇಕು. ನಟ್ ಬಿಗಿಮಾಡುವಾಗ ಬಾರಿನ ತುದಿಯನ್ನು ಮೇಲಕ್ಕೆತ್ತಿ ಹಿಡಿದಿರಿ. ಹೊಸ ಚೈನ್ ಮೊದಲ ದಿನ ಬೇಗ ಸಡಿಲವಾಗುತ್ತದೆ, ಆಗಾಗ ನೋಡಿ. ಬಿಸಿಯಲ್ಲಿ ಬಿಗಿಮಾಡಿದ ಚೈನನ್ನು ಕೆಲಸ ಮುಗಿದ ಮೇಲೆ ಸಡಿಲಿಸಬೇಕು. ತಣ್ಣಗಾಗುತ್ತ ಅದು ಕುಗ್ಗಿ ಬಾರ್, ಬೇರಿಂಗ್ ಎರಡನ್ನೂ ಹಿಂಡುತ್ತದೆ.

ಚೈನ್ ಮೊಂಡಾಗಿದೆ ಎಂದು ಹೇಗೆ ತಿಳಿಯುತ್ತದೆ? ನಾನೇ ಅರ ಹಾಕಬಹುದಾ?

ನನ್ನ ಮಟ್ಟಿಗೆ ಈ ಪುಟದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆಯಿಲ್ಲ. ಸೌದೆ ಕೊಯ್ಯುವಾಗ ಬರುವ ಅರ್ಧಕ್ಕರ್ಧ ತೊಂದರೆಗಳಿಗೆ ಮೊಂಡು ಚೈನೇ ಮೂಲ. ಮೊಂಡಾದಾಗ ಜನ ಮಿಷನ್ ಒತ್ತುತ್ತಾರೆ. ಒತ್ತಿದಾಗ ತೋಳು ಸೋಲುತ್ತದೆ, ಎಂಜಿನ್ ಕಾಯುತ್ತದೆ, ಕೊಯ್ತ ಮುಗಿದ ಕ್ಷಣ ಮಿಷನ್ ಆ ಒತ್ತಡಕ್ಕೆ ಕೆಳಗೆ ನುಗ್ಗುತ್ತದೆ. ಅಲ್ಲಿ ನಿಮ್ಮ ಕಾಲಿರುತ್ತದೆ.

ಕೊಯ್ಯುವಾಗ ಬೀಳುವುದನ್ನು ನೋಡಿ. ಹರಿತ ಚೈನ್ ಉಗುರಿನಷ್ಟು ಸಣ್ಣ ಚಕ್ಕೆಗಳನ್ನು ಉದುರಿಸುತ್ತದೆ. ಹಿಟ್ಟಿನಂಥ ಹುಡಿ ಬೀಳುತ್ತಿದ್ದರೆ, ಮರದಿಂದ ಹೊಗೆ ಬರುತ್ತಿದ್ದರೆ, ಮೊಂಡಾಗಿದೆ. ಕೊಯ್ತ ಬಿಲ್ಲಿನಂತೆ ಒಂದೇ ಪಕ್ಕಕ್ಕೆ ಬಾಗುತ್ತ ಹೋದರೆ ಒಂದು ಸಾಲಿನ ಹಲ್ಲುಗಳು ಇನ್ನೊಂದು ಸಾಲಿಗಿಂತ ಮೊಂಡು, ಇಲ್ಲವೇ ಗಿಡ್ಡ. ಅರ್ಧ ಸೆಕೆಂಡು ಮಣ್ಣಿಗೆ ತಾಗಿದರೂ ಇಡೀ ಚೈನಿನ ಹರಿತ ಹೋಗುತ್ತದೆ.

ನೀವೇ ಅರ ಹಾಕಬಹುದು, ಕಲಿಯಲೇಬೇಕು. ಅರದ ದಪ್ಪ ಚೈನಿನ ಪಿಚ್‌ಗೆ, ಅಂದರೆ ಕೊಂಡಿಗಳ ಅಂತರದ ಅಳತೆಗೆ, ಹೊಂದಬೇಕು. ಸಣ್ಣ ಮಿಷನ್‌ಗಳ 3/8 ಇಂಚಿನ ಲೋ-ಪ್ರೊಫೈಲ್ (ಗಿಡ್ಡ ಹಲ್ಲಿನ) ಚೈನಿಗೆ 4 ಮಿಲಿಮೀಟರ್, .325 ಇಂಚಿನ ಪಿಚ್‌ಗೆ 4.8 ಮಿಲಿಮೀಟರ್ ಉರುಟು ಅರ. ಹಲ್ಲಿನ ಕೋನ ಬಹುಪಾಲು ಚೈನ್‌ಗಳಲ್ಲಿ 30 ಡಿಗ್ರಿ, ಹಲ್ಲಿನ ಬೆನ್ನ ಮೇಲೇ ಗೆರೆ ಹಾಕಿರುತ್ತಾರೆ. ಬಾರನ್ನು ವೈಸ್‌ನಲ್ಲಿ ಹಿಡಿಸಿ, ಅರವನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಿ. ಹಿಂದೆ ತರುವಾಗ ಎತ್ತಿಬಿಡಿ. ಒಂದು ಹಲ್ಲಿಗೆ ಮೂರು ತಳ್ಳು ಕೊಟ್ಟರೆ ಎಲ್ಲಕ್ಕೂ ಮೂರೇ. ಒಂದು ಪಕ್ಕದ ಹಲ್ಲುಗಳನ್ನೆಲ್ಲ ಮುಗಿಸಿ ಆಮೇಲೆ ಇನ್ನೊಂದು ಪಕ್ಕ.

ಹರಿತವಾಯಿತೋ ಇಲ್ಲವೋ ಎಂದು ಬೆರಳಿಟ್ಟು ನೋಡುವುದಕ್ಕಿಂತ ಬೆಳಕಿಗೆ ಹಿಡಿದು ನೋಡಿ. ಮೊಂಡು ಹಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಮಿನುಗುತ್ತದೆ. ಸವೆದು ಉರುಟಾದ ಅಂಚು ಬೆಳಕನ್ನು ತಿರುಗಿಸುವುದರಿಂದ ಹಾಗೆ ಕಾಣುವುದು. ಅರ ಹಾಕುತ್ತ ಹೋದಂತೆ ಆ ಗೆರೆ ತೆಳ್ಳಗಾಗಿ, ಮೂಲೆಯಲ್ಲಿ ಚುಕ್ಕೆಯಾಗಿ, ಕೊನೆಗೆ ಇಲ್ಲವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಮೂರ್ನಾಲ್ಕು ಸಲ ಅರ ಹಾಕಿದ ಮೇಲೆ ಪ್ರತಿ ಹಲ್ಲಿನ ಮುಂದಿರುವ ಗಿಡ್ಡ ಮೊಟಕನ್ನೂ ಚಪ್ಪಟೆ ಅರದಿಂದ ಇಳಿಸಬೇಕು. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ತೀರ್ಮಾನಿಸುವುದು ಆ ಮೊಟಕು. ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಲಿ. ಇದನ್ನು ಅಳೆಯುವ ಸಣ್ಣ ಗೇಜ್ ಸಿಗುತ್ತದೆ. ಅತಿಯಾಗಿ ಇಳಿಸಿದರೆ ಮಿಷನ್ ಎಗರಾಡುತ್ತದೆ, ಕಿಕ್‌ಬ್ಯಾಕ್ ಜಾಸ್ತಿಯಾಗುತ್ತದೆ.

ಈ ಕೊಕ್ಕೆಯಾಕಾರದ ಹಲ್ಲಿನ ಹಿಂದೆ ಒಂದು ಹುಳುವಿದೆ. 1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಮರಕಡಿಯುವ ಜೋಸೆಫ್ ಕಾಕ್ಸ್ ಒಂದು ಬುಡದಲ್ಲಿ ಮರಕೊರೆಯುವ ಜೀರುಂಡೆಯ ಮರಿಹುಳವನ್ನು ಗಮನಿಸಿದರು. ಅದು ತನ್ನ ಜೋಡಿ ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರವನ್ನು ಕೆತ್ತುತ್ತ, ಎಳೆಯ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಸಾಗುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ, 1947ರಲ್ಲಿ ಚೈನ್ ಮಾರಲು ಶುರುಮಾಡಿದರು. ಇಂದಿನ ಚೈನ್‌ಗಳಲ್ಲಿ ಎಡ ಹಲ್ಲು, ಬಲ ಹಲ್ಲು ಒಂದಾದ ಮೇಲೊಂದು ಬರುವುದು ಆ ಮಾದರಿಯಿಂದಲೇ.

ಕೊಯ್ಯುತ್ತ ಕೊಯ್ಯುತ್ತ ಬಾರ್ ಮರದಲ್ಲಿ ಕಚ್ಚಿಕೊಳ್ಳುತ್ತದೆ. ಏನು ತಪ್ಪಾಗುತ್ತಿದೆ?

ಮರದ ಭಾರ ಎಲ್ಲಿ ಕೂತಿದೆ ಎಂದು ನೋಡದೆ ಕೊಯ್ಯುತ್ತಿದ್ದೀರಿ. ದಿಮ್ಮಿಯ ಎರಡೂ ತುದಿ ಏನಾದರೊಂದರ ಮೇಲೆ ಕೂತು ನಡು ಖಾಲಿಯಿದ್ದರೆ, ನಡು ಕೆಳಗೆ ಜಗ್ಗಲು ನೋಡುತ್ತಿರುತ್ತದೆ. ಆಗ ಮೇಲ್ಮೈ ಒತ್ತಿಕೊಂಡಿರುತ್ತದೆ, ಅಡಿಭಾಗ ಎಳೆದುಕೊಂಡಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಸೀಳು ಮುಚ್ಚಿಕೊಂಡು ಬಾರನ್ನು ಹಿಡಿದುಬಿಡುತ್ತದೆ. ಇಲ್ಲಿ ಮೇಲಿನಿಂದ ಮೂರರಲ್ಲೊಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ದು ಮುಗಿಸಬೇಕು. ಒಂದೇ ತುದಿಗೆ ಆಧಾರವಿದ್ದು ಇನ್ನೊಂದು ತುದಿ ಗಾಳಿಯಲ್ಲಿ ಚಾಚಿಕೊಂಡಿದ್ದರೆ ಎಲ್ಲ ಉಲ್ಟಾ. ಮೊದಲು ಕೆಳಗಿನಿಂದ ಮೂರರಲ್ಲೊಂದು, ಆಮೇಲೆ ಮೇಲಿನಿಂದ. ಹಾಗೆ ಮಾಡದಿದ್ದರೆ ತುಂಡು ಮುರಿದು ಬೀಳುವಾಗ ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ.

ಬಾರಿನ ಕೆಳಂಚಿನಿಂದ ಕೊಯ್ಯುವಾಗ ಚೈನ್ ಮಿಷನನ್ನು ಮರದ ಕಡೆಗೆ ಎಳೆಯುತ್ತದೆ, ಮೇಲಂಚಿನಿಂದ ಕೊಯ್ಯುವಾಗ ನಿಮ್ಮ ಕಡೆಗೆ ತಳ್ಳುತ್ತದೆ. ಆದ್ದರಿಂದ ಮರದ ಅಡಿಯಿಂದ, ಬಾರಿನ ಮೇಲಂಚಿನಲ್ಲಿ ಕೊಯ್ಯುವಾಗ ಕಾಲು ಅಗಲಿಸಿ ನಿಂತು, ತೊಡೆಗೆ ಮಿಷನ್ ಆನಿಸಿಕೊಂಡರೆ ಹಿಡಿತ ಸಿಗುತ್ತದೆ.

ದಿಮ್ಮಿ ನೆಲದ ಮೇಲೇ ಉದ್ದಕ್ಕೆ ಬಿದ್ದಿದ್ದರೆ ನಾನು ಹೇಳುವುದು ಇಷ್ಟು: ಗುರುತು ಹಾಕಿದ ಕಡೆಯೆಲ್ಲ ಮುಕ್ಕಾಲು ಭಾಗ ಕೊಯ್ದು ಬಿಟ್ಟುಬಿಡಿ. ಆಮೇಲೆ ಇಡೀ ದಿಮ್ಮಿಯನ್ನು ಹಾರೆಯಿಂದ ಹೊರಳಿಸಿ, ಉಳಿದ ಕಾಲು ಭಾಗವನ್ನು ಮೇಲಿನಿಂದ ಕೊಯ್ದು ಮುಗಿಸಿ. ಚೈನ್ ಮಣ್ಣು ಕಾಣುವುದೇ ಇಲ್ಲ. ಇಳಿಜಾರಿನಲ್ಲಾದರೆ ಯಾವಾಗಲೂ ದಿಮ್ಮಿಯ ಮೇಲ್ಬದಿಗೆ ನಿಲ್ಲಿ.

ಕಚ್ಚಿಕೊಂಡೇಬಿಟ್ಟರೆ?

ಮೊದಲು ಎಂಜಿನ್ ಆರಿಸಿ. ಎಳೆದಾಡಬೇಡಿ, ಬಾರ್ ಸೊಟ್ಟಗಾಗುತ್ತದೆ. ಹಾರೆಯಿಂದ ದಿಮ್ಮಿಯನ್ನು ಮೀಟಿ ಎತ್ತಿದರೆ ಸೀಳು ಬಾಯಿ ಬಿಡುತ್ತದೆ, ಅಥವಾ ಸೀಳಿಗೆ ಬೆಣೆ ಹೊಡೆಯಿರಿ. ಪ್ಲಾಸ್ಟಿಕ್ಕಿನದೋ ಮರದ್ದೋ ಇರಲಿ, ಚೈನ್ ಹತ್ತಿರ ಕಬ್ಬಿಣದ ಬೆಣೆ ಬೇಡ. ದಪ್ಪ ಮರವಾದರೆ ಕೊಯ್ತ ಒಂದಿಷ್ಟು ಇಳಿಯುತ್ತಿದ್ದಂತೆ ಹಿಂದಿನಿಂದ ಬೆಣೆ ಕೂರಿಸಿಕೊಂಡರೆ ಈ ಪಾಡೇ ಬರುವುದಿಲ್ಲ.

ಕೊಯ್ಯಲು ಸ್ಟ್ಯಾಂಡ್ ಬೇಕಾ?

ತೋಳಿನ ದಪ್ಪದ ಕೊಂಬೆಗಳಿಗೆ ಬೇಕೇ ಬೇಕು. ಎರಡು ಮೂರು ಕತ್ತರಿಗಾಲುಗಳನ್ನು ಸೇರಿಸಿ ಮಾಡಿದ ಮರದ ಸ್ಟ್ಯಾಂಡ್ ಆದೀತು. ಸೊಂಟದ ಎತ್ತರಕ್ಕಿಂತ ಕೆಳಗಿರಲಿ. ಮೊಳೆಯ ಬದಲು ಮರದ ಗೂಟವೋ ಹಗ್ಗವೋ ಬಳಸಿ ಕಟ್ಟಿದರೆ ಚೈನ್ ತಾಗಿದರೂ ಹಾಳಾಗದು. ಪಾದದಿಂದ ಮರ ಒತ್ತಿ ಹಿಡಿದು ಕೊಯ್ಯುವುದನ್ನೂ, ಇನ್ನೊಬ್ಬರ ಕೈಯಲ್ಲಿ ತುದಿ ಹಿಡಿಸುವುದನ್ನೂ ಬಿಡಲು ಈ ಸ್ಟ್ಯಾಂಡ್ ಒಂದೇ ಸಾಕು.

ಚೈನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಮರಕ್ಕೆ ತಾಗಿಸಿ. ಮಿಷನ್ನಿನ ಮೂತಿಯ ಬಳಿಯ ಉಕ್ಕಿನ ಮುಳ್ಳುಗಳನ್ನು ತೊಗಟೆಗೆ ಊರಿ, ಅದನ್ನೇ ತಿರುಗಣೆ ಮಾಡಿಕೊಂಡು ಹಿಂದಿನ ಹಿಡಿಕೆಯನ್ನು ನಿಧಾನ ಎತ್ತುತ್ತ ಹೋದರೆ ಬಾರ್ ತಾನೇ ಇಳಿಯುತ್ತದೆ.

ತುಂಡು ಎಷ್ಟುದ್ದ ಇರಬೇಕು?

ಒಲೆಯ ಒಳಗಿನ ಉದ್ದ ಅಳೆದು, ಅದಕ್ಕಿಂತ ಐದಾರು ಸೆಂಟಿಮೀಟರ್ ಕಡಿಮೆ. ಆಮೇಲೆ ಆ ಅಳತೆ ಬದಲಾಯಿಸಬೇಡಿ. ಒಂದೇ ಉದ್ದದ ತುಂಡುಗಳಿದ್ದರೆ ಒಟ್ಟಿಲು ನೆಟ್ಟಗೆ ನಿಲ್ಲುತ್ತದೆ, ಸಮನಾಗಿ ಒಣಗುತ್ತದೆ. ಅಳತೆಯ ಕೋಲೊಂದನ್ನು ಇಟ್ಟುಕೊಂಡು, ಮಿಷನ್ ಮುಟ್ಟುವ ಮೊದಲೇ ಇಡೀ ದಿಮ್ಮಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಬಿಡಿ. ಮರದ ನೀರು ಪಕ್ಕಗಳಿಗಿಂತ ಕೊಯ್ದ ಮುಖದಿಂದಲೇ ಬಹಳ ಬೇಗ ಹೊರಹೋಗುತ್ತದೆ, ಹಾಗಾಗಿ ಗಿಡ್ಡ ತುಂಡು ಬೇಗ ಒಣಗುತ್ತದೆ.

ಮರದೊಳಗೆ ಮೊಳೆ, ತಂತಿ ಇದೆಯೇ ಎಂದು ಹೇಗೆ ಗೊತ್ತಾಗುತ್ತದೆ?

ಬೇಲಿಯ ಸಾಲಿನ ಮರ, ಮನೆ ಮುಂದಿನ ಮರ, ಬೋರ್ಡು ಹೊಡೆದ ಮರ ಬಂದರೆ ಸಂಶಯ ಇರಲಿ. ತೊಗಟೆ ಬೆಳೆದು ಮೊಳೆಯನ್ನು ಪೂರ್ತಿ ನುಂಗಿರುತ್ತದೆ. ಕೊಯ್ದ ಮುಖದಲ್ಲಿ ಶಾಯಿ ಚೆಲ್ಲಿದಂತೆ ನೀಲಿಗಪ್ಪು ಕಲೆ ಕಂಡರೆ ಅಲ್ಲೇ ನಿಲ್ಲಿಸಿ. ಮರದ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಜೊತೆ ಸೇರಿ ಆಗುವ ಬಣ್ಣ ಅದು. ಕಲೆ ಮರದ ಎಳೆಯ ಉದ್ದಕ್ಕೆ ಹರಡುತ್ತದೆ, ಕಬ್ಬಿಣ ಹತ್ತಿರದಲ್ಲೇ ಎಲ್ಲೋ ಇರುತ್ತದೆ. ಆ ಭಾಗವನ್ನು ಬಿಟ್ಟು ಆಚೆಗೆ ಕೊಯ್ಯಿರಿ.

ಹಸಿಯಾಗಿದ್ದಾಗ ಸೀಳುವುದು ಸುಲಭವೋ, ಒಣಗಿದ ಮೇಲೋ?

ಬಹುಪಾಲು ಮರಗಳು ಹಸಿಯಲ್ಲೇ ಚೆನ್ನಾಗಿ ಸೀಳುತ್ತವೆ, ಸೀಳಿದ್ದೇ ಬೇಗ ಒಣಗುವುದು ಕೂಡ. ತೊಗಟೆ ನೀರನ್ನು ಒಳಗೇ ಕಟ್ಟಿಹಾಕುತ್ತದೆ, ಉರುಟು ತುಂಡನ್ನು ಹಾಗೇ ಬಿಟ್ಟರೆ ವರ್ಷವಾದರೂ ಒಳಗೆ ತೇವ ಇರುತ್ತದೆ. ಅಗಲವಾದ ಮರದ ಕೊರಡನ್ನು ಅಡಿಗಿಟ್ಟು ಅದರ ಮೇಲೆ ತುಂಡು ನಿಲ್ಲಿಸಿ. ಕೊಡಲಿ ತಪ್ಪಿದರೂ ಕೊರಡಿಗೆ ಬೀಳುತ್ತದೆ, ಕಾಲಿಗೆ ಬರುವುದಿಲ್ಲ. ತೆಳು ಅಲಗಿನ ಕೊಡಲಿ ಕಡಿಯುವುದಕ್ಕೆ, ಸೀಳುವುದಕ್ಕೆ ಬೆಣೆಯಂಥ ದಪ್ಪ ತಲೆಯ ಭಾರದ ಕೊಡಲಿ. ತುದಿಮುಖದಲ್ಲಿ ಆಗಲೇ ಬಿರುಕಿದ್ದರೆ ಅದರ ಜಾಡಿಗೇ ಹೊಡೆಯಿರಿ. ಗಿಣ್ಣಿನ ನಡುವೆ ಹೊಡೆಯಲು ಹೋಗಬೇಡಿ. ದೊಡ್ಡ ತುಂಡಾದರೆ ಅಂಚಿನಿಂದ ಹೋಳು ಹೋಳಾಗಿ ಎಬ್ಬಿಸುತ್ತ ಬನ್ನಿ. ಒಬ್ಬರು ಕೊಡಲಿ ಎತ್ತಿರುವಾಗ ಇನ್ನೊಬ್ಬರು ತುಂಡು ಜೋಡಿಸುವ ಅಭ್ಯಾಸ ಬೇಡವೇ ಬೇಡ.

ಒಟ್ಟುವುದು ಹೇಗೆ? ರಾಶಿ ಹಾಕಿದರೆ ಆಗುವುದಿಲ್ಲವಾ?

ರಾಶಿಯ ಒಳಗಿನ ಸೌದೆಗೆ ಗಾಳಿ ಸಿಗುವುದಿಲ್ಲ, ಅಡಿಯದು ಕೊಳೆಯುತ್ತದೆ. ಒಟ್ಟುವುದರ ಉದ್ದೇಶವೇ ಗಾಳಿ.

ನೆಲದಿಂದ ಒಂದು ಗೇಣಾದರೂ ಎತ್ತರಕ್ಕೆ ಕಲ್ಲು, ಇಟ್ಟಿಗೆ ಅಥವಾ ಅಡ್ಡಮರ ಹಾಕಿ ಅದರ ಮೇಲೆ ಶುರುಮಾಡಿ. ಗಾಳಿ ಬೀಸುವ ಬಯಲು ಜಾಗ, ಬಿಸಿಲು ಬೀಳುವ ಪಕ್ಕ ಸಿಕ್ಕರೆ ಒಳ್ಳೆಯದು. ಎರಡು ತುದಿಗಳಿಗೆ ಗೂಟ ಹುಗಿಯಿರಿ, ಇಲ್ಲವೇ ತುದಿಗಳಲ್ಲಿ ಒಂದು ವರಸೆ ಉದ್ದಕ್ಕೆ, ಮುಂದಿನ ವರಸೆ ಅಡ್ಡಕ್ಕೆ ಜೋಡಿಸಿ ಕಂಬದಂತೆ ಏರಿಸಿ. ಇದಕ್ಕೆ ಚಪ್ಪಟೆ ಮುಖದ ಸೀಳುಗಳನ್ನು ಆರಿಸಿಟ್ಟುಕೊಳ್ಳಿ. ನಡುವಿನದನ್ನು ಅಲುಗಾಡದಷ್ಟು ಬಿಗಿಯಾಗಿ, ಆದರೆ ಸಂದು ಪೂರ್ತಿ ಮುಚ್ಚದಂತೆ ಇಡಿ. ಒಂಟಿ ಸಾಲಾದರೆ ಎತ್ತರ 1.2 ಮೀಟರ್ ದಾಟಿಸಬೇಡಿ. ಸೌದೆ ಒಣಗುತ್ತ ಕುಗ್ಗುತ್ತದೆ, ಬಿಸಿಲಿನ ಪಕ್ಕ ಮೊದಲು ಕುಗ್ಗಿ ಇಡೀ ಸಾಲು ಆ ಕಡೆ ವಾಲುತ್ತದೆ. ಒಟ್ಟುವಾಗಲೇ ಎದುರು ಬದಿಗೆ ಒಂದು ಚೂರು ಓರೆ ಕೊಟ್ಟರೆ ಕೊನೆಗೆ ನೆಟ್ಟಗಾಗುತ್ತದೆ. ಮಕ್ಕಳು ಆಡುವ ಜಾಗದಲ್ಲಿ ಎತ್ತರದ ಒಟ್ಟಿಲು ಬೇಡ.

ಮನೆಯ ಗೋಡೆಗೆ ಒತ್ತಿಸಿ ಒಟ್ಟಬೇಡಿ. ಗಾಳಿ ಆಡುವುದಿಲ್ಲ, ಗೆದ್ದಲಿಗೆ ಸೌದೆಯಿಂದ ಬಾಗಿಲ ಚೌಕಟ್ಟಿಗೆ ದಾರಿ ಮಾಡಿಕೊಟ್ಟಂತೆ.

ಪ್ಲಾಸ್ಟಿಕ್ ಹಾಳೆಯಿಂದ ಪೂರ್ತಿ ಮುಚ್ಚಲಾ?

ಮೇಲೆ ಮಾತ್ರ ಮುಚ್ಚಿ. ಪಕ್ಕಗಳನ್ನೂ ಸುತ್ತಿಬಿಟ್ಟರೆ ಸೌದೆಯಿಂದ ಹೊರಟ ತೇವ ಹಾಳೆಯ ಒಳಮೈಗೆ ಹನಿಗಟ್ಟಿ ಮತ್ತೆ ಸೌದೆಗೇ ತೊಟ್ಟಿಕ್ಕುತ್ತದೆ, ಬೂಷ್ಟು ಹಿಡಿಯುತ್ತದೆ. ತಗಡಿನ ಮಾಡು ಎಲ್ಲಕ್ಕಿಂತ ಒಳ್ಳೆಯದು.

ಒಣಗಿದೆ ಎಂದು ಹೇಗೆ ತಿಳಿಯುವುದು? ಹಸಿ ಸೌದೆ ಉರಿಸಿದರೆ ನಷ್ಟವೇನು?

ಒಣಗಿದ ಸೌದೆಯ ತುದಿಯಲ್ಲಿ ನಡುವಿನಿಂದ ಹೊರಕ್ಕೆ ಬಿರುಕುಗಳಿರುತ್ತವೆ, ತೊಗಟೆ ತಾನೇ ಬಿಡುತ್ತದೆ, ಎರಡನ್ನು ಒಂದಕ್ಕೊಂದು ತಟ್ಟಿದರೆ ಟಣ್ ಎನ್ನುತ್ತದೆ. ಹಸಿಯದು ದಬ್ ಎನ್ನುತ್ತದೆ. ನಂಬಿಕೆಯ ದಾರಿ ಬೇಕೆಂದರೆ ತೇವ ಅಳೆಯುವ ಮೀಟರ್ ಬಳಸಿ. ಆದರೆ ಹೊರಮೈಗೆ ಚುಚ್ಚಿ ಪ್ರಯೋಜನವಿಲ್ಲ, ಆಗಷ್ಟೇ ಸೀಳಿ ಒಳಮುಖಕ್ಕೆ ಚುಚ್ಚಬೇಕು. ಶೇಕಡ 20ಕ್ಕಿಂತ ಕೆಳಗಿದ್ದರೆ ಒಲೆಗೆ ಸಿದ್ಧ. ಮೀಟರ್ ಇಲ್ಲದವರು ನಾಲ್ಕೈದು ಸೀಳುಗಳಿಗೆ ಗುರುತು ಹಾಕಿ ಆಗಾಗ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಗಾಳಿಯಲ್ಲಿ ಒಣಗಬಹುದಾದಷ್ಟು ಒಣಗಿದೆ. ಮೆದು ಮರಕ್ಕೆ ಆರು ತಿಂಗಳು ಸಾಕಾದೀತು, ಚೇಗುಳ್ಳ ಗಟ್ಟಿ ಮರಕ್ಕೆ ಒಂದೆರಡು ವರ್ಷ ಬೇಕು.

ನಷ್ಟದ ಲೆಕ್ಕ ನೋಡಿ. ಹತ್ತು ಕಿಲೋ ಹಸಿ ಸೌದೆಯಲ್ಲಿ ಅರ್ಧ ನೀರೇ ಇರಬಹುದು. ಐದು ಕಿಲೋ ನೀರನ್ನು ಕಾಯಿಸಿ ಆವಿ ಮಾಡಲು ಸುಮಾರು 13 ಮೆಗಾಜೂಲ್ ಬೇಕು, ಉಳಿದ ಐದು ಕಿಲೋ ಮರದಿಂದ ಬರುವ ಶಾಖ ಸುಮಾರು 90 ಮೆಗಾಜೂಲ್. ಅಂದರೆ ಏಳರಲ್ಲೊಂದು ಪಾಲು ನೀರಿಗೇ ಹೋಯಿತು. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನೀರಿನಿಂದ ಬೆಂಕಿ ತಣ್ಣಗಾಗಿ, ಮರದಿಂದ ಏಳುವ ಅನಿಲ ಉರಿಯದೆ ಹೊಗೆಯಾಗಿ ಹೊರಟುಹೋಗುತ್ತದೆ. ಅದೇ ಹೊಗೆ ಚಿಮಣಿಯೊಳಗೆ ಡಾಂಬರಿನಂತೆ ಅಂಟುತ್ತದೆ, ದಪ್ಪ ಕಟ್ಟಿದ ಮೇಲೆ ಒಂದು ದಿನ ಚಿಮಣಿಗೇ ಬೆಂಕಿ ಹತ್ತಬಹುದು. ಕಣ್ಣಿಗೂ ಎದೆಗೂ ಆಗುವ ಹಾನಿ ಇದರ ಮೇಲೆ.

ಉರಿಸಬಾರದ ಮರ ಯಾವುದು?

ಬಣ್ಣ ಬಳಿದದ್ದು, ಪ್ಲೈವುಡ್, ಗೆದ್ದಲು ಹಿಡಿಯದಂತೆ ರಾಸಾಯನಿಕ ಕುಡಿಸಿದ ಹಳೆಯ ಕಂಬ, ರೈಲು ಹಲಗೆ. ಕೆಲವು ಹಳೆಯ ಕಂಬಗಳಲ್ಲಿ ಆರ್ಸೆನಿಕ್ ಇರುತ್ತದೆ, ಸುಟ್ಟರೆ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಕಣಗಿಲೆಯ ಕಡ್ಡಿಯೂ ಬೇಡ, ಅದರ ಹೊಗೆ ವಿಷ. ಸೊನೆ ತಾಗಿದರೆ ಮೈ ಸುಡುವ ಮರಗಳನ್ನು ಕೊಯ್ಯುವುದೂ ಬೇಡ, ಚೈನ್ ಆ ಸೊನೆಯನ್ನು ಮುಖಕ್ಕೇ ಎರಚುತ್ತದೆ.

ಒಟ್ಟಿಲಿನಲ್ಲಿ ಎಷ್ಟು ಸೌದೆ ಇದೆ ಎಂದು ಲೆಕ್ಕ ಹಾಕುವುದು ಹೇಗೆ?

ಉದ್ದ, ಎತ್ತರ, ಆಳ ಮೂರನ್ನೂ ಗುಣಿಸಿ. 2 ಮೀಟರ್ ಉದ್ದ, 1.2 ಮೀಟರ್ ಎತ್ತರ, 40 ಸೆಂಟಿಮೀಟರ್ ತುಂಡಿನ ಸಾಲು ಹೆಚ್ಚುಕಡಿಮೆ ಒಂದು ಘನಮೀಟರ್. ಅದರಲ್ಲಿ ಮರ ಇರುವುದು ನೂರಕ್ಕೆ 60ರಿಂದ 70 ಪಾಲು, ಉಳಿದದ್ದು ಸಂದು. ಕಾರ್ಡ್ ಎಂಬ ಅಳತೆ ಕಂಡರೆ ಅದು 128 ಘನ ಅಡಿ, ಸುಮಾರು 3.6 ಘನಮೀಟರ್ ಒಟ್ಟಿಲು.

ಒಟ್ಟಿಲಿನಿಂದ ಸೌದೆ ತೆಗೆಯುವಾಗ ಹಾವು, ಚೇಳಿನ ಭಯ. ಏನು ಮಾಡಲಿ?

ಗವಸು ಹಾಕಿ, ಮೇಲಿನಿಂದ ಒಂದೊಂದಾಗಿ ತೆಗೆಯಿರಿ. ಕಾಣದ ಸಂದಿಗೆ ಕೈ ತೂರಿಸಬೇಡಿ. ತೆಗೆಯುವ ಮೊದಲು ಉದ್ದ ಕೋಲಿನಿಂದ ನಾಲ್ಕು ಸಲ ತಟ್ಟಿ, ರಾತ್ರಿಯಾದರೆ ಟಾರ್ಚ್ ಹಿಡಿಯಿರಿ. ಅಡಿ ಜಾಗದ ಹುಲ್ಲು, ಎಲೆ, ಚಕ್ಕೆ ಗುಡಿಸಿಟ್ಟರೆ ಇಲಿ ಕಡಿಮೆಯಾಗುತ್ತದೆ. ಇಲಿ ಕಡಿಮೆಯಾದರೆ ಹಾವೂ ಕಡಿಮೆ.

ಕೆಲಸ ಮುಗಿಯಿತು. ಮಿಷನನ್ನು ಮುಂದಿನ ಸಲದವರೆಗೆ ಹೇಗಿಡಲಿ?

ಪೆಟ್ರೋಲ್ ಪೂರ್ತಿ ಸುರಿದು ತೆಗೆದು, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಓಡಿಸಿ. ಬಾರ್ ಬಿಚ್ಚಿ, ಅದರ ಗಾಡಿಯಲ್ಲಿ ಕೂತ ಎಣ್ಣೆಹುಡಿಯನ್ನು ತೆಳು ತಗಡಿನಿಂದ ಕೆರೆದು ತೆಗೆಯಿರಿ. ಮತ್ತೆ ಜೋಡಿಸುವಾಗ ಬಾರನ್ನು ಮೇಲು ಕೆಳಗು ಮಾಡಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ. ಏರ್ ಫಿಲ್ಟರ್ ಬಡಿದು ತೊಳೆದು ಒಣಗಿಸಿ. ಚೈನ್ ಹರಿತ ಮಾಡಿ, ಎಣ್ಣೆ ಸವರಿ, ಬಾರಿನ ಮೇಲೆ ಕವಚ ಹಾಕಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬ್ಯಾಟರಿಯದಾದರೆ ಬ್ಯಾಟರಿಯನ್ನು ಬೇರೆಯಾಗಿ, ಪೂರ್ತಿ ಖಾಲಿ ಮಾಡದೆ, ತಂಪಾದ ಒಣ ಜಾಗದಲ್ಲಿಡಿ.